ನವಿಲಿನ ತಲೆ ಹುಡುಕಿದ ಮೂರು ತಿಂಗಳು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಇರುವೆ ಬರುತ್ತದೆ, ನಮ್ಮ ಮನೆಗೆ ಗೊಂದಲ ಬರುತ್ತದೆ. ಬಂದರೆ ಒಂದೇ ದಿನಕ್ಕೆ ಹೊರಡುವುದಿಲ್ಲ, ಹಾಸಿಗೆ ಹಾಸಿಕೊಂಡು ಮಲಗುತ್ತದೆ. ನಾನು ಮಾತ್ರ ಅದರ ಪ್ರತಿಯೊಂದು ನಡೆಯನ್ನೂ ವಾರ, ತಾರೀಕು, ವೇಳೆ ಹಾಕಿ ಬರೆದಿಡುತ್ತೇನೆ. ಹಾಗಾಗಿ ಇಲ್ಲಿರುವುದೆಲ್ಲ ನೆನಪಿನಿಂದ ಹೇಳಿದ್ದಲ್ಲ, ಪುಸ್ತಕ ನೋಡಿ ಹೇಳಿದ್ದು.

ನಾನು ಗಣಿತದಲ್ಲಿ ಬಿ.ಎಸ್ಸಿ. ತೂಬಗೆರೆ ಕಡೆಯಿಂದ ಕಾಲೇಜಿಗೆ ಹೋದ ಹೆಣ್ಣುಮಕ್ಕಳನ್ನು ಎಣಿಸಲು ಆ ಕಾಲಕ್ಕೆ ಒಂದು ಕೈ ಸಾಕಾಗಿತ್ತು, ಅದರಲ್ಲಿ ಹೆಬ್ಬೆರಳು ನಾನು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೇಲೂ ಬರೆಯುವುದನ್ನು ಬಿಡಲಿಲ್ಲ. ಮಳೆ ಬಂದ ದಿನ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಯಾವ ನೆಂಟರು ಬಂದಾಗ ಏನು ಅಡುಗೆ ಮಾಡಿದ್ದೆ, ಎಲ್ಲಕ್ಕೂ ಬೇರೆ ಬೇರೆ ಪುಸ್ತಕ. ಒಬ್ಬರಿಗೇ ಎರಡು ಸಲ ಹುಳಿಯನ್ನ ಬಡಿಸಿದ ಅಪವಾದ ನನ್ನ ಮೇಲಿಲ್ಲ.

ಮನೆಯ ಹಿಂದಿನ ಶೆಡ್ಡಿನಲ್ಲಿ ಯಜಮಾನರ ಆರು ಪವರ್‌ಲೂಮ್. ಸೀರೆಯ ಅಂಚಿಗೆ ನವಿಲು ಬೇಕೆಂದರೆ ಮೊದಲು ಚೌಕದ ಹಾಳೆಯ ಮೇಲೆ ನವಿಲನ್ನು ಬರೆಯಬೇಕು. ಅದನ್ನು ನೋಡಿಕೊಂಡು ಮೇಸ್ತ್ರಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾನೆ. ಮಗ್ಗದ ತಲೆಯ ಮೇಲಿರುವ ಜಕಾರ್ಡು ಆ ತೂತು ಓದಿ ಯಾವ ಎಳೆ ಎತ್ತಬೇಕೋ ಅದನ್ನು ಎತ್ತುತ್ತದೆ. ಚೌಕದ ಹಾಳೆ ನಮಗೆ ಅರ್ಥವಾಗುತ್ತದೆ, ಮಗ್ಗಕ್ಕೆ ಆಗುವುದಿಲ್ಲ. ತೂತು ಮಗ್ಗಕ್ಕೆ ಅರ್ಥವಾಗುತ್ತದೆ, ನಮಗೆ ಆಗುವುದಿಲ್ಲ. ತೂತು ನೋಡಿ ಇದು ನವಿಲು, ಇದು ಮಾವಿನಕಾಯಿ ಎಂದು ಹೇಳುವವರು ಇನ್ನೂ ಹುಟ್ಟಿಲ್ಲ.

ತೊಂಬತ್ತರ ದಶಕದ ನಡುವೆ ಮನೆಗೆ ಬಂದ ಸೊಸೆ ಕಂಪ್ಯೂಟರ್ ಓದಿದವಳು. ಬೆಳಿಗ್ಗೆ ಒಂದು ಶಾಲೆಯಲ್ಲಿ ಪಾಠ ಹೇಳಿ ಮಧ್ಯಾಹ್ನ ಒಂದಕ್ಕೆಲ್ಲ ಮನೆಗೆ ಬರುತ್ತಿದ್ದಳು. ನವಿಲನ್ನು ಪರದೆಯ ಮೇಲೆ ಬರೆದರೆ ಯಾವ ಕಾರ್ಡಿಗೆ ಎಲ್ಲೆಲ್ಲಿ ತೂತು ಎಂಬುದನ್ನೂ, ಆ ತೂತಿನಿಂದ ಸೀರೆಯ ಮೇಲೆ ಏನು ಮೂಡುತ್ತದೆ ಎಂಬ ಚಿತ್ರವನ್ನೂ ಕಂಪ್ಯೂಟರೇ ಅಚ್ಚು ಹಾಕಿ ಕೊಡುವ ಪ್ರೋಗ್ರಾಂ ಮಾಡುತ್ತೇನೆ ಎಂದು ಹೊರಟಳು. ಅವಳು ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಬರೆದದ್ದು ಚೌಕದ ಹಾಳೆ ಇದ್ದ ಹಾಗೆ, ಓದಬಹುದು. ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ಬದಲಾಯಿಸಿದ ಮೇಲೆ ಅದು ಕಾರ್ಡಿನ ತೂತು ಇದ್ದ ಹಾಗೆ, ಯಂತ್ರ ಬಿಟ್ಟು ಬೇರೆ ಯಾರೂ ಓದಲಾರರು. ತಪ್ಪು ಬಂದರೆ ಹುಡುಕಲು ಡೀಬಗರ್ ಎಂಬ ಇನ್ನೊಂದು ಪ್ರೋಗ್ರಾಂ. ಅದು ಕೆಲಸವನ್ನು ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ಓಡಿಸುತ್ತಾ, ‘ಈಗ ನಿಮ್ಮ ಹಾಳೆಯ ಈ ಸಾಲಿನಲ್ಲಿದ್ದೇನೆ’ ಎಂದು ಬಾಣ ತೋರಿಸುತ್ತದೆ. ಕೇಳಿದರೆ ಒಳಗಿನ ಅಂಕಿಗಳನ್ನೂ ತೋರಿಸುತ್ತದೆ.

ತಪ್ಪು ಬಂದೇ ಬಂತು. ಮಾವಿನಕಾಯಿ ಸರಿ, ರುದ್ರಾಕ್ಷಿ ಸರಿ. ನವಿಲು ಮಾತ್ರ ಒಮ್ಮೆ ತಲೆ ಇಟ್ಟುಕೊಂಡು ಬರುತ್ತಿತ್ತು, ಒಮ್ಮೆ ಕುತ್ತಿಗೆಗೇ ಮುಗಿಯುತ್ತಿತ್ತು.

ಕಂಪ್ಯೂಟರ್ ಇಟ್ಟದ್ದು ಮನೆಯ ಮುಂದಿನ ಕೋಣೆಯಲ್ಲಿ. ಆ ಕೋಣೆಯ ಮೇಲೆ ಯಜಮಾನರಿಗೆ ಮೊದಲಿನಿಂದಲೂ ಕಣ್ಣು. ಒಂದು ದಿನ ಊಟಕ್ಕೆ ಕೂತವರು ಹೇಳಿಬಿಟ್ಟರು: “ನೋಡಮ್ಮಾ, ಯುಗಾದಿವರೆಗೂ ಟೈಮು. ಹಬ್ಬದೊಳಗೆ ಪ್ರತಿಸಲವೂ ತಲೆ ಇರೋ ನವಿಲು ಬಂದ್ರೆ ಕೋಣೆ ನಿನ್ನದು. ಇಲ್ದಿದ್ರೆ ಅಲ್ಲಿ ಎರಡು ಮಗ್ಗ ಹಾಕಿಸ್ತೀನಿ. ಆ ಡಬ್ಬ ಅಟ್ಟಕ್ಕೆ.”

ಸೊಸೆಯ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. ನನ್ನ ಮಗ ಯಾವ ಕಡೆಗೂ ಸೇರದೆ ಇನ್ನೊಂದು ಮುದ್ದೆ ಹಾಕಿಸಿಕೊಂಡ. ನಾನು ಹೇಳಿದೆ: “ಅವಳು ಒಂಟಿ ಅಲ್ಲ. ಅವಳು ಸ್ಕೂಲಿಗೆ ಹೋದಾಗ ಡೀಬಗರ್ ನಾನು ನೋಡ್ಕೋತೀನಿ. ಒಂದೊಂದು ಹೆಜ್ಜೆನೂ ಬರೆದಿಡ್ತೀನಿ. ನಾನೂ ಬಿ.ಎಸ್ಸಿ.”

“ಅದೊಂದು ಗೊತ್ತೈತೆ,” ಎಂದರು ಯಜಮಾನರು. “ದಿನಾ ಕೇಳ್ತೀನಲ್ಲ.”

೧. ಖಾಲಿ ಸಾಲಿನ ಮೇಲೆ ಬಾಣ

ನಮ್ಮ ಮನೆಯಲ್ಲಿ ಮೇಲೆ ‘ಶ್ರೀ’ ಬರೆಯದೆ ಕಾಗದದ ಮೇಲೆ ಇನ್ನೊಂದು ಅಕ್ಷರ ಬರೆಯುವ ಪದ್ಧತಿ ಇಲ್ಲ. ಸಾಮಾನಿನ ಚೀಟಿಗೂ ಶ್ರೀ ಇರುತ್ತದೆ. ಸೊಸೆಯ ಪ್ರೋಗ್ರಾಂ ನೋಡಿದರೆ ಮೊದಲ ಸಾಲಿನಿಂದಲೇ ಕೆಲಸ ಶುರು.

“ಏನೇ ಇದು, ಶ್ರೀ ಇಲ್ಲದೆ ಶುರು ಮಾಡಿದ್ದೀಯ? ತಲೆ ಎಲ್ಲಿಂದ ಬರ್ಬೇಕು ನವಿಲಿಗೆ?”

ಅವಳು ನಕ್ಕಳು. ಎರಡು ಓರೆಗೆರೆ ಹಾಕಿ ಬರೆದರೆ ಆ ಸಾಲನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಮ್ಮ ಸಮಾಧಾನಕ್ಕೆ ಏನು ಬೇಕಾದರೂ ಬರೆಯಬಹುದು ಎಂದಳು. ಆ ಸಂಜೆಯೇ ಒಂದು ಸಾಲು ಶ್ರೀ, ಒಂದು ಸಾಲು ಮನೆದೇವರ ಹೆಸರು, ಕೆಳಗೆ ಮರ್ಯಾದೆಗೆ ಒಂದು ಸಾಲು ಖಾಲಿ, ಒಟ್ಟು ಮೂರು ಸಾಲು ಸೇರಿಸಿದಳು.

ಮರುದಿನ ಅವಳು ಶಾಲೆಗೆ ಹೋದಳು. ನಾನು ಸ್ನಾನ ಮುಗಿಸಿ, ಪುಸ್ತಕ ತೆರೆದು, ಡೀಬಗರ್ ಶುರು ಮಾಡಿದೆ. ಅದು ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಕೊಟ್ಟಿತು. “ಏನು ಕೇಳಿದ್ರೂ ಎಂಟರ್ ಒತ್ತಿ ಅತ್ತೆ” ಎಂದು ಸೊಸೆ ಹೇಳಿದ್ದಳು. ಒತ್ತಿದೆ. ಆ ದಿನದ ದಾಖಲೆ ಹೀಗಿದೆ:

‘ಹತ್ತು ಗಂಟೆ ಹತ್ತು ನಿಮಿಷ: ಬಾಣ ಖಾಲಿ ಸಾಲಿನ ಮೇಲೆ ನಿಂತಿದೆ. ಹತ್ತು ಹನ್ನೆರಡು: ಬರೀ ಒಂದು ಬ್ರಾಕೆಟ್ಟಿನ ಮೇಲೆ ನಿಂತಿದೆ. ಹತ್ತು ಹದಿನೈದು: ಮತ್ತೆ ಖಾಲಿ ಸಾಲು. ಆದರೆ ಅಂಕಿಗಳು ಬದಲಾಗುತ್ತಿವೆ. ಯಂತ್ರ ಏನೋ ಮಾಡುತ್ತಿದೆ. ಏನೆಂದು ತಿಳಿಯದು.’

ಮಧ್ಯಾಹ್ನ ಓದಿದ ಸೊಸೆ ಹಣೆ ಚಚ್ಚಿಕೊಂಡಳು. ಮೂರು ಸಾಲು ಸೇರಿಸಿದ ಮೇಲೆ ಕಂಪೈಲ್ ಮಾಡುವುದನ್ನೇ ಮರೆತಿದ್ದಳು. ಡೀಬಗರ್ ಬಾಣ ಇಡುವುದು ಸಾಲಿನ ನಂಬರು ನೋಡಿ, ಅದೂ ಹಳೆಯ ನಂಬರು. ಚೌಕದ ಹಾಳೆಯ ಮೇಲ್ಗಡೆ ಮೂರು ಸಾಲು ಅಂಟಿಸಿ, ಮಗ್ಗಕ್ಕೆ ಮಾತ್ರ ಹಳೆಯ ಕಾರ್ಡನ್ನೇ ಏರಿಸಿದ ಹಾಗೆ. ಬಾಣ ಎಲ್ಲೆಲ್ಲೂ ಮೂರು ಸಾಲು ಮೇಲೆಯೇ ನಿಲ್ಲುತ್ತಿತ್ತು.

“ಹಾಗಾದ್ರೆ ಶ್ರೀ ಬರೆದದ್ದೇ ತಪ್ಪಾ?” ಎಂದೆ.

“ಬರೆದದ್ದು ತಪ್ಪಲ್ಲ ಅತ್ತೆ. ಬರೆದಿದ್ದೀವಿ ಅಂತ ಅದಕ್ಕೆ ಹೇಳ್ಲಿಲ್ಲ, ಅದು ತಪ್ಪು.”

ಯಜಮಾನರು ಬಾಗಿಲಲ್ಲಿ ನಿಂತು ನನ್ನ ದಾಖಲೆಯನ್ನು ಗಟ್ಟಿಯಾಗಿ ಓದಿದರು. “ಖಾಲಿ ಜಾಗದಲ್ಲಿ ನಿಂತೈತೆ, ಏನೋ ಮಾಡ್ತೈತೆ, ಏನು ಅಂತ ಯಾರಿಗೂ ತಿಳಿಯಲ್ಲ. ಲೇ, ನೀವು ತಂದಿರೋದು ಕಂಪ್ಯೂಟರ್ ಅಲ್ಲ ಕಣೇ, ತಾಲ್ಲೂಕಾಫೀಸು!”

೨. ನಾಲ್ಕು ವೆಂಕಟಮ್ಮಂದಿರು

ಒಂದು ದಿನ ಸೊಸೆ ಹೇಳಿದಳು: “ಅತ್ತೆ, ಕಂಪೈಲ್ ಆದ ಮೇಲೆ ಒಳಗಡೆ ಇರೋ ಹೆಸರುಗಳ ಪಟ್ಟಿ ಡೀಬಗರ್‌ನಲ್ಲಿ ಬರುತ್ತೆ. ಅದನ್ನ ಹಾಗೇ ಬರೆದಿಡಿ.”

ಅವಳು ಬರೆದ ಪ್ರೋಗ್ರಾಮಿನಲ್ಲಿ ಹೆಸರುಗಳು ಅಚ್ಚುಕಟ್ಟಾಗಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಅಂಚು, ಬರೆ, ತಲೆ, ಬಾಲ. ಡೀಬಗರಿನ ಪಟ್ಟಿಯಲ್ಲಿ ಅವನ್ನು ಗುರುತು ಹಿಡಿಯುವ ಹಾಗಿರಲಿಲ್ಲ. ಮೊದಲು ‘ಅಟ್’ ಎನ್ನುವ ಒಂದು ಸುರುಳಿ ಚಿಹ್ನೆ, ಆಮೇಲೆ ‘ಅಂಚು’, ಮತ್ತೊಂದು ಸುರುಳಿ, ಆಮೇಲೆ ‘ಬರೆ’, ಅದಕ್ಕೊಂದು ಡಾಲರ್ ಗುರುತು, ಬಾಲಕ್ಕೆ ಕ್ಯೂ, ಐ, ಐ. ಇಂಥವು ಏಳು ಪುಟ. ಒಂದೂ ಬಿಡದೆ ನಕಲು ಮಾಡಿದೆ. ಒಂದು ಪುಟದಲ್ಲಿ ಸುರುಳಿ ತಪ್ಪಿತೆಂದು ಹರಿದು ಮತ್ತೆ ಬರೆದೆ.

“ಯಾಕೆ ಹೀಗೆ ಹೆಸರು ಕೆಡಿಸ್ತದೆ?” ಎಂದು ಸೊಸೆಯನ್ನು ಕೇಳಿದೆ.

“ಅತ್ತೆ, ಈ ಭಾಷೆಯಲ್ಲಿ ಒಂದೇ ಹೆಸರು ನಾಲ್ಕು ಕೆಲಸಕ್ಕೆ, ಅಂದ್ರೆ ನಾಲ್ಕು ಫಂಕ್ಷನ್‌ಗೆ ಇಡಬಹುದು. ಯಂತ್ರಕ್ಕೆ ಗುರುತು ಸಿಗಬೇಕಲ್ಲ? ಅದಕ್ಕೆ ಯಾರದು, ಏನು ತಗೊಳ್ತದೆ ಅಂತ ಬಾಲ ಸೇರಿಸ್ಕೊಳ್ಳುತ್ತೆ.”

ತಕ್ಷಣ ಅರ್ಥವಾಯಿತು. ನಮ್ಮ ಬೀದಿಯಲ್ಲಿ ನಾಲ್ಕು ವೆಂಕಟಮ್ಮಂದಿರು. ಅದಕ್ಕೇ ಗಿರಣಿ ವೆಂಕಟಮ್ಮ, ಮೂಲೆಮನೆ ವೆಂಕಟಮ್ಮ, ಎರಡೆಮ್ಮೆ ವೆಂಕಟಮ್ಮ ಎಂದೆಲ್ಲ ಕರೆಯುತ್ತೇವೆ. ರೇಷನ್ ಕಾರ್ಡಿನಲ್ಲಿ ಎಲ್ಲರೂ ಬರೀ ವೆಂಕಟಮ್ಮ.

ಅಷ್ಟು ಹೊತ್ತಿಗೆ ಅವರಲ್ಲೇ ಒಬ್ಬಾಕೆ, ಮೂಲೆಮನೆಯವಳು, ಹಾಲು ಕೊಡಲು ಬಂದಳು. ಅವಳ ಎರಡು ಹಸುಗಳಲ್ಲಿ ಗಬ್ಬವಾಗಿದ್ದದ್ದು ಒದೆಯುವುದರಲ್ಲಿ ಹೆಸರುವಾಸಿ. ನಾನು ಹರಿದು ಎಸೆದ ಹಾಳೆಯನ್ನು ಎತ್ತಿ ನೋಡಿ ಕಣ್ಣು ಅರಳಿಸಿದಳು.

“ಅಮ್ಮೋರೆ, ಯಾರು ಬರ್ಕೊಟ್ರು ಇದನ್ನ? ನಮ್ಮ ತವರಲ್ಲಿ ತಾಯ್ತದೊಳಗೆ ಹಿಂಗೇ ಇರ್ತದೆ, ಸುರುಳಿ ಸುರುಳಿ.”

“ತಾಯಿತ ಅಲ್ಲ ಕಣಮ್ಮ, ಇದು ಕಂಪ್ಯೂಟರಿನ ಒಳಗಿನ ಹೆಸರು. ವಿಜ್ಞಾನ.”

“ಹೂಂ ಹೂಂ. ಬಾಯ್ಬಿಟ್ಟು ಹೇಳ್ಬಾರ್ದು, ಹೇಳಿದ್ರೆ ಶಕ್ತಿ ಹೋಗ್ತದೆ. ಗೊತ್ತು ಬಿಡಿ.” ಎನ್ನುತ್ತಾ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ವಾರ ಕಳೆದು ಸ್ವಲ್ಪ ಗಿಣ್ಣು ತಂದುಕೊಟ್ಟಳು. ಹಸು ಕರು ಹಾಕಿತ್ತು. ಹಾಳೆ ಕೊರಳಿಗೆ ಕಟ್ಟಿದ ದಿನದಿಂದ ಕಾಲೇ ಎತ್ತಿಲ್ಲವಂತೆ. ನಾನು ವಿಜ್ಞಾನದ ಪರವಾಗಿ ಮತ್ತೊಮ್ಮೆ ಮಾತಾಡಲು ಬಾಯಿ ತೆರೆದೆ. ಒಳಗಿನಿಂದ ಸೊಸೆ ಕೂಗಿದಳು:

“ಅತ್ತೆ, ಅವರು ಕಟ್ಟಿದ್ದು ಯಾವ ಫಂಕ್ಷನ್ ಅಂತ ಕೇಳಿ! ಅದೊಂದಾದ್ರೂ ಸರಿಯಾಗಿ ಕೆಲಸ ಮಾಡ್ತಿದೆ!”

೩. ಬರೀ ಚಿಕ್ಕಮ್ಮ

ಸೊಸೆ ತನ್ನ ಪ್ರೋಗ್ರಾಮಿನಲ್ಲಿ ‘ಅಂಚು’ ಎಂಬ ಒಂದು ವರ್ಗ ಮಾಡಿದ್ದಳು. ಎಲ್ಲ ಅಂಚಿಗೂ ಇರುವ ಗುಣ ಅದಕ್ಕೆ, ಅಗಲ ಎಷ್ಟು, ಉದ್ದ ಎಷ್ಟು ಎಂದು. ಅದರ ಮಕ್ಕಳ ಹಾಗೆ ಮಾವಿನ ಅಂಚು, ರುದ್ರಾಕ್ಷಿ ಅಂಚು, ನವಿಲಿನ ಅಂಚು. ನವಿಲಿನ ಅಂಚಿಗೆ ಮಾತ್ರ ಒಂದು ಹೆಚ್ಚಿನ ಅಂಕಿ ಇತ್ತು. ತಲೆಯನ್ನು ಜಕಾರ್ಡಿನಲ್ಲಿ ಎಳೆ ಎತ್ತುವ ಎಷ್ಟನೇ ಕೊಕ್ಕೆಯಿಂದ ಶುರು ಮಾಡಬೇಕು ಎನ್ನುವ ಅಂಕಿ ಅದು.

ಡೀಬಗರಿನಲ್ಲಿ ನವಿಲನ್ನು ತೆರೆದು ನೋಡಿದರೆ ಅಗಲ ಕಾಣುತ್ತದೆ, ಉದ್ದ ಕಾಣುತ್ತದೆ, ತಲೆಯ ಸುದ್ದಿಯೇ ಇಲ್ಲ.

“ತಲೆ ಒಳಗಡೆ ಇದೆ ಅತ್ತೆ,” ಎಂದಳು ಸೊಸೆ. “ಆದ್ರೆ ನಾನು ಎಲ್ಲ ಅಂಚನ್ನೂ ಒಂದೇ ಪಟ್ಟಿಯಲ್ಲಿ ಬರೀ ‘ಅಂಚು’ ಅಂತ ಇಟ್ಟಿದ್ದೀನಿ. ಡೀಬಗರ್‌ಗೆ ಅಷ್ಟೇ ಗೊತ್ತು. ಇದು ನವಿಲು ಅಂತ ನಾವೇ ಬಿಡಿಸಿ ಹೇಳಿದ್ರೆ ಮಾತ್ರ ಉಳಿದದ್ದು ತೋರ್ಸುತ್ತೆ.” ಎಂದು, ಏನೋ ಒಂದು ಸಾಲು ಟೈಪ್ ಮಾಡಿದಳು. ತಲೆ ಪ್ರತ್ಯಕ್ಷ. ಸೊನ್ನೆ ಎಂದು ತೋರಿಸಿತು. “ಸರಿಯಾಗಿದೆ, ಕಂಪ್ಯೂಟರ್ ಎಣಿಸೋದೇ ಸೊನ್ನೆಯಿಂದ. ಸೊನ್ನೆನೇ ಇರ್ಬೇಕು,” ಎಂದಳು. ಆ ಸಾಲನ್ನು ನಾನೂ ಕಲಿತೆ.

ಆ ಭಾನುವಾರ ಹೊಸಕೋಟೆಯಲ್ಲಿ ನಮ್ಮ ನೆಂಟರ ಹುಡುಗಿಯ ಮದುವೆ. ಗಂಡಿನ ಕಡೆಯವರಿಗೆ ನನ್ನನ್ನು ತೋರಿಸಿ ಯಾರೋ “ಇವರು ಹುಡುಗಿ ಚಿಕ್ಕಮ್ಮ” ಎಂದರು. ಅವರು ತಲೆಯಾಡಿಸಿ ಹೂವು ಕೊಟ್ಟು ಮುಂದೆ ಹೋಗಿಬಿಟ್ಟರು. ಮುಂದಿನವರೂ ಚಿಕ್ಕಮ್ಮ, ಅದರ ಮುಂದಿನವರೂ ಚಿಕ್ಕಮ್ಮ. ಒಟ್ಟು ಒಂಬತ್ತು ಚಿಕ್ಕಮ್ಮಂದಿರ ಸಾಲಿನಲ್ಲಿ ನಾನೂ ಒಬ್ಬಳು. ನನಗೆ ನವಿಲು ನೆನಪಾಯಿತು. ಗಂಡಿನ ತಾಯಿಯ ಕೈ ಹಿಡಿದು ನಿಲ್ಲಿಸಿ ಹೇಳಿದೆ: “ನೋಡಿ, ನನ್ನನ್ನ ಬರೀ ಚಿಕ್ಕಮ್ಮ ಅಂತ ನೋಡ್ಬೇಡಿ. ಬಿ.ಎಸ್ಸಿ. ಅಂತ ನೋಡಿ.”

ಆಕೆ ಗಾಬರಿಯಾಗಿ, ಅಲ್ಲೇ ನಿಂತಿದ್ದ ಬಡಿಸುವವನನ್ನು ಕರೆದರು: “ನೋಡಪ್ಪಾ, ಈ ಅಮ್ಮನಿಗೇನೋ ಬಿ.ಎಸ್ಸಿ. ಅಂತೆ. ಇವರಿಗೆ ಉಪ್ಪು, ಸಿಹಿ ಎರಡೂ ಕಡಿಮೆ ಹಾಕು!”

೪. ಮಧುರೆ ಬಸ್ಸು

ಪ್ರೋಗ್ರಾಂ ನಿಧಾನವಾಯಿತೆಂದು ಸೊಸೆ ಕಂಪೈಲ್ ಮಾಡುವಾಗ ‘ವೇಗ’ ಎಂಬ ಒಂದು ಸೌಲಭ್ಯ ಹಾಕಿದಳು. ಮರುದಿನ ಬೆಳಿಗ್ಗೆ ನನಗೆ ತಲೆ ಸುತ್ತಿತು. ಬಾಣ ನಲವತ್ತೊಂದನೇ ಸಾಲಿನಿಂದ ನಲವತ್ತನಾಲ್ಕಕ್ಕೆ ಹಾರಿತು, ಹಿಂದಕ್ಕೆ ನಲವತ್ತೆರಡಕ್ಕೆ ಬಂತು, ಮತ್ತೆ ನಲವತ್ತೊಂದಕ್ಕೆ ಹೋಗಿ ಕುಳಿತಿತು. ‘ಬಾಲ ಬರೆ’ ಎನ್ನುವ ಕಡೆ ನಿಲ್ಲು ಎಂದು ಗುರುತು ಹಾಕಿದ್ದೆ. ಅಲ್ಲಿ ನಿಲ್ಲಲೇ ಇಲ್ಲ, ಆದರೂ ಬಾಲ ಬರೆದಾಗಿತ್ತು. ಎಣಿಕೆಯ ಅಂಕಿ ತೋರಿಸು ಎಂದರೆ ಅಂಥದ್ದೊಂದು ಇಲ್ಲವೇ ಇಲ್ಲ ಎಂದಿತು. ಹಿಂದಿನ ದಿನ ನಾನೇ ನೋಡಿ ಬರೆದ ಅಂಕಿ!

ನಾಲ್ಕು ಪುಟ ಬರೆಯುವಷ್ಟರಲ್ಲಿ, ಯಾವ ಸಾಲು ಮೊದಲು ಯಾವುದು ಆಮೇಲೆ ಎನ್ನುವುದು ನನಗೂ ಮರೆಯಿತು. ಶೆಡ್ಡಿನಿಂದ ನೀರು ಕುಡಿಯಲು ಬಂದ ಮೇಸ್ತ್ರಿ, “ಏನಮ್ಮೋರೆ, ಮುಖ ಇಷ್ಟಾಗೈತೆ?” ಎಂದ. ಹೇಳಿದೆ.

“ಅಷ್ಟೇನಾ? ಇದು ಇಲ್ಲೇ ನಮ್ಮೂರು ಮಧುರೆಗೆ ಹೋಗೋ ಪ್ರೈವೇಟ್ ಬಸ್ಸು ಕಣಮ್ಮೋರೆ. ಹೊರಡ್ತದೆ, ಸರ್ಕಲ್‌ಗಂಟ ಹೋಗ್ತದೆ, ಜನ ಸಾಲ್ದು ಅಂತ ವಾಪಸ್ ಬರ್ತದೆ, ಮತ್ತೆ ಹೊರಡ್ತದೆ. ಬೋರ್ಡಲ್ಲಿರೋ ಸ್ಟಾಪಲ್ಲಿ ನಿಲ್ಲಲ್ಲ, ಡ್ರೈವರ್ ಮಾವನ ಮನೆ ತಾವ ನಿಲ್ತದೆ. ಕೊನೆಗೆ ಊರಿಗಂತೂ ಹೋಗ್ತದಲ್ಲ?”

ಮಧ್ಯಾಹ್ನ ಸೊಸೆಗೆ ಹೇಳಿದರೆ, ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ಸರಿ ಎಂದಳು. ವೇಗ ಹಾಕಿದರೆ ಕಂಪೈಲರ್ ತನ್ನದೇ ಅಡ್ಡದಾರಿ ಹಿಡಿಯುತ್ತದಂತೆ. ಸಾಲುಗಳನ್ನು ಹಿಂದು ಮುಂದು ಮಾಡುತ್ತದೆ, ಚಿಕ್ಕಪುಟ್ಟ ಕೆಲಸಗಳನ್ನು ದೊಡ್ಡ ಕೆಲಸದೊಳಗೇ ಕರಗಿಸಿಬಿಡುತ್ತದೆ, ಬೇಡವೆನಿಸಿದ ಅಂಕಿಗೆ ಜಾಗವನ್ನೇ ಕೊಡುವುದಿಲ್ಲ. ಊರು ಅದೇ, ದಾರಿ ಮಾತ್ರ ನಮ್ಮ ನಕ್ಷೆಯಲ್ಲಿರುವುದಲ್ಲ.

“ಇಷ್ಟು ವರ್ಷ ಓದಿ ನಾನು ಕಲಿತದ್ದನ್ನ ಮೇಸ್ತ್ರಿ ಬಸ್ಸಲ್ಲೇ ಕಲಿತುಬಿಟ್ಟಿದ್ದಾನೆ,” ಎಂದು ವೇಗವನ್ನು ತೆಗೆದುಹಾಕಿದಳು.

ಮೇಸ್ತ್ರಿಗೆ ಇದನ್ನು ತಿಳಿಸಿದೆ. ಅವನಿಗೆ ಸಂತೋಷವಾಗಲಿಲ್ಲ. “ಹಂಗಂದ್ರೆ ಓದಿರೋರೇ ಮಾಡಿರೋದಾ ನಮ್ಮ ಬಸ್ಸನ್ನ?”

೫. ನಾಚಿಕೆಯ ನವಿಲು

ಯುಗಾದಿಗೆ ಎರಡು ವಾರ. ಅಷ್ಟರಲ್ಲಿ ನಾಲ್ಕು ದಿನ ಒಂದೇ ಸಮನೆ ತಲೆ ಸರಿಯಾಗಿ ಬಂತು. ಸೊಸೆಗೆ ಧೈರ್ಯ ಬಂದು ಮಾವನನ್ನು ಕರೆದಳು. ಅವರು ಕನ್ನಡಕ ಒರೆಸಿಕೊಂಡು ಬಂದು ಪ್ರಿಂಟರಿನ ಮುಂದೆ ಕುಳಿತರು. ಅದು ಕಿರ್ ಕಿರ್ ಎಂದು ಹಾಳೆ ಹಾಕಿತು. ಚುಂಚು, ಜುಟ್ಟು ಸಮೇತ ನವಿಲು.

“ಇನ್ನೊಂದು ಸಲ.”

ಮತ್ತೆ ತಲೆ. ಮೂರನೇ ಸಲವೂ ತಲೆ. ಯಜಮಾನರ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. ಸೊಸೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ಬಾರಪ್ಪಾ, ನೋಡು ಬಾ!” ಎಂದು ಅವರು ಮೇಸ್ತ್ರಿಯನ್ನು ಕರೆದರು. ಅವನು ಕೈ ಒರೆಸಿಕೊಳ್ಳುತ್ತಾ ಬಂದ. ನಾಲ್ಕನೇ ಹಾಳೆ ಬಂತು. ಕಾಲು, ಗರಿ, ಹೊಟ್ಟೆ, ಕುತ್ತಿಗೆ. ಅಷ್ಟೇ.

ಮೇಸ್ತ್ರಿಯೇ ಸಮಾಧಾನ ಹೇಳಲು ಹೋದ: “ಹೊಸಬರು ಬಂದ್ರು ಅಂತ ನಾಚ್ಕೊಂಡೈತೆ ಯಜಮಾನ್ರೆ. ಹೆಣ್ಣು ನವಿಲಿರ್ಬೇಕು.”

ಯಜಮಾನರು ಎದ್ದು, ಟೇಪು ತಂದು, ಕೋಣೆಯ ಉದ್ದಗಲ ಅಳೆಯಲು ಶುರು ಮಾಡಿದರು. “ಪಾಪ, ಅದು ನಾಚ್ಕೊಂಡೇ ಇರ್ಲಿ. ನೀನು ಆ ತುದಿ ಹಿಡ್ಕೋ.”

೬. ನಾನು ಊರಲ್ಲಿಲ್ಲದ ದಿನ

ಹಬ್ಬಕ್ಕೆ ವಾರ ಉಳಿಯಿತು. ಗೋಡೆಯ ಮೇಲೆ ಮಗ್ಗ ನಿಲ್ಲಿಸುವ ಕಡೆ ಸೀಮೆಸುಣ್ಣದ ಗೆರೆ ಬಿದ್ದಿತ್ತು. ಸೊಸೆ ಊಟ ಕಡಿಮೆ ಮಾಡಿದಳು. ಮಧ್ಯಾಹ್ನವೆಲ್ಲ ನನ್ನ ದಾಖಲೆ ಪುಸ್ತಕ ಹಿಡಿದು ಮೊದಲ ಪುಟದಿಂದ ಓದುತ್ತಿದ್ದಳು.

“ಅತ್ತೆ, ತಲೆ ಶುರುವಾಗೋ ಅಂಕಿ ಪ್ರತಿದಿನ ಸೊನ್ನೆ. ತಲೆ ಬಂದ ದಿನವೂ ಸೊನ್ನೆ, ಬರದ ದಿನವೂ ಸೊನ್ನೆ. ಎಲ್ಲ ಒಂದೇ ಇದ್ರೆ ಒಮ್ಮೆ ಹಂಗೆ ಒಮ್ಮೆ ಹಿಂಗೆ ಹೇಗಾಗುತ್ತೆ? ನನಗೆ ಹುಚ್ಚು ಹಿಡಿಯುತ್ತೆ.”

“ಆ ಅಂಕಿಯ ವಿಷಯ ಬಿಡು. ಅದರಲ್ಲಿ ಅನುಮಾನವೇ ಬೇಡ,” ಎಂದೆ. “ಕಣ್ಣಲ್ಲಿ ಕಣ್ಣಿಟ್ಟು ಬರೆದಿದ್ದೀನಿ.”

ಅವಳು ಬಿಟ್ಟಳು. ಬಾಲದಲ್ಲಿ ಹುಡುಕಿದಳು, ಗರಿಯಲ್ಲಿ ಹುಡುಕಿದಳು, ಪ್ರಿಂಟರಿನ ತಂತಿ ಬದಲಾಯಿಸಿದಳು. ಕಂಪ್ಯೂಟರಿಗೆ ತಾನು ಕುಂಕುಮ ಹಚ್ಚಿದ್ದನ್ನು ಅವಳು ಒಪ್ಪಿಕೊಳ್ಳುವುದಿಲ್ಲ, ಆದರೆ ಅದೂ ನನ್ನ ಪುಸ್ತಕದಲ್ಲಿದೆ.

ಭಾನುವಾರ ತೂಬಗೆರೆಯಲ್ಲಿ ನನ್ನ ತಮ್ಮನ ಮೊಮ್ಮಗುವಿಗೆ ನಾಮಕರಣ. ಬೆಳಿಗ್ಗೆಯೇ ಹೊರಟೆ. ಸೊಸೆಗೆ ರಜೆ. ಆ ಅಂಕಿಗೆ ಇಷ್ಟು ದಿನ ನನ್ನ ಪುಸ್ತಕವನ್ನೇ ನಂಬಿದ್ದವಳು, ಆ ದಿನ ಡೀಬಗರಿನ ಮುಂದೆ ತಾನೇ ಕುಳಿತಳು.

ನಾಲ್ಕು ಗಂಟೆಯ ಬಸ್ಸಿಗೆ ನಾನು ಮನೆಗೆ ಬಂದರೆ ಸೊಸೆ ಬಾಗಿಲಲ್ಲೇ ನಿಂತಿದ್ದಾಳೆ, ಕೈಯಲ್ಲಿ ನನ್ನ ಪುಸ್ತಕ. ಹಿಂದೆ ಯಜಮಾನರು, ಮೇಸ್ತ್ರಿ.

“ಅತ್ತೆ, ವಿಚಿತ್ರ ಕೇಳಿ. ನೀವಿದ್ದಾಗ ದಿನಾ ಸೊನ್ನೆ. ನೀವಿಲ್ಲ ಅಂತ ಇವತ್ತು ಆ ಅಂಕಿ ಏನು ತೋರಿಸ್ತು ಗೊತ್ತಾ? ಮೈನಸ್ ಇಪ್ಪತ್ತೊಂದು ಸಾವಿರದ ಎಂಟುನೂರ ನಲವತ್ತಾರು!”

“ಓ, ಅದಾ?” ಎಂದು ಚಪ್ಪಲಿ ಬಿಟ್ಟೆ. “ಅದು ಆಗಾಗ ಹಂಗೆ ತೋರಿಸ್ತಿರುತ್ತೆ.”

ಸೊಸೆಯ ಕಣ್ಣು ಅಗಲವಾಯಿತು. “ತೋರಿಸ್ತಿರುತ್ತಾ?”

“ವಾರಕ್ಕೆ ಎರಡು ಮೂರು ಸಲ. ಒಮ್ಮೆ ಒಂಬತ್ತು ಸಾವಿರ ಚಿಲ್ಲರೆ, ಒಮ್ಮೆ ಮೈನಸ್ಸು.”

“ಮತ್ತೆ ಪುಸ್ತಕದಲ್ಲಿ ಎಲ್ಲ ಕಡೆ ಸೊನ್ನೆ ಇದೆಯಲ್ಲ ಅತ್ತೆ!”

“ಇರದೆ ಏನು? ನೀನೇ ಹೇಳಿದ್ದೆ, ಸೊನ್ನೆನೇ ಇರ್ಬೇಕು ಅಂತ. ನಮ್ಮ ಜಕಾರ್ಡಿಗೆ ಇರೋದೇ ಇನ್ನೂರ ನಲವತ್ತು ಕೊಕ್ಕೆ. ಮೈನಸ್ ಇಪ್ಪತ್ತೊಂದು ಸಾವಿರದನೇ ಕೊಕ್ಕೆ ಎಲ್ಲಿಂದ ಬರ್ಬೇಕು? ಯಂತ್ರ ತಪ್ಪು ಬರೆದಿತ್ತು, ನಾನು ತಿದ್ದಿ ಬರೆದೆ. ಬುದ್ಧಿ ಇರೋರು ತಪ್ಪನ್ನ ಹಾಗೇ ನಕಲು ಮಾಡ್ತಾರಾ?”

“ಎಷ್ಟು ದಿನದಿಂದ ತಿದ್ತಾ ಇದ್ದೀರ?”

“ಮೊದಲ ದಿನದಿಂದ,” ಎಂದೆ. ಆಗಲೂ ನನ್ನ ಧ್ವನಿಯಲ್ಲಿ ಹೆಮ್ಮೆಯೇ ಇತ್ತು. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು, ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ಆಮೇಲೆ ಬಿಡಿಸಿ ಹೇಳಿದಳು. ಮಾವು, ರುದ್ರಾಕ್ಷಿಗಳಿಗೆ ತಲೆಯ ಅಂಕಿಯೇ ಬೇಕಿಲ್ಲ. ನವಿಲಿಗೆ ಆ ಒಂದು ಅಂಕಿ ಹೆಚ್ಚಿಗೆ ಇಟ್ಟಿದ್ದಳೇ ಹೊರತು ಅದಕ್ಕೆ ಮೊದಲಿಗೆ ಇಷ್ಟು ಎಂದು ಬೆಲೆ ಕೊಡುವುದನ್ನು ಮರೆತಿದ್ದಳು. ಛತ್ರದ ಪಾತ್ರೆಯನ್ನು ತೊಳೆಯದೆ ತಂದರೆ ಹಿಂದಿನ ಮದುವೆಯವರ ಸಾರು ಒಳಗೆ ಇರುವ ಹಾಗೆ, ಆ ಜಾಗದಲ್ಲಿ ಅದಕ್ಕೂ ಮುಂಚೆ ಏನಿತ್ತೋ ಅದೇ ಉಳಿದಿರುತ್ತಿತ್ತು. ಅದೃಷ್ಟಕ್ಕೆ ಸೊನ್ನೆ ಉಳಿದಿದ್ದರೆ ತಲೆ ಬರುತ್ತಿತ್ತು. ಬೇರೇನಾದರೂ ಉಳಿದಿದ್ದರೆ ತಲೆ ಕಾರ್ಡಿನ ಆಚೆಗೆಲ್ಲೋ ಹೋಗುತ್ತಿತ್ತು. ಎರಡು ಬೇರೆ ಬೇರೆ ದಿನ ಯಂತ್ರ ತೋರಿಸಿದ ಅಂಕಿ ಇದ್ದ ಹಾಗೆ ಸಿಕ್ಕಿದ್ದರೆ ಹತ್ತು ನಿಮಿಷದ ಕೆಲಸ.

ಅವಳು ಒಳಗೆ ಹೋಗಿ ಒಂದೇ ಒಂದು ಸಾಲು ಸೇರಿಸಿ ಕಂಪೈಲ್ ಮಾಡಿದಳು. ಪ್ರಿಂಟರ್ ಕಿರ್ ಎಂದಿತು. ತಲೆ. ಯಜಮಾನರು ನಿಂತುಕೊಂಡೇ ಇಪ್ಪತ್ತು ಸಲ ಹಾಕಿ ತೋರಿಸು ಎಂದರು. ಇಪ್ಪತ್ತು ತಲೆ. ಮೇಸ್ತ್ರಿಯನ್ನು ಹೊರಗೆ ಕಳಿಸಿ, ಒಳಗೆ ಕರೆದು, ಮತ್ತೆ ಐದು ಸಲ ನೋಡಿದರು. ನವಿಲು ನಾಚಲಿಲ್ಲ.

“ಆಯ್ತಮ್ಮಾ, ಕೋಣೆ ನಿನ್ನದೇ,” ಎಂದು ಅವರು ಸೀಮೆಸುಣ್ಣದ ಗೆರೆಯನ್ನು ಅಂಗೈಯಿಂದಲೇ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಇಪ್ಪತ್ತೈದು ವರ್ಷದಿಂದ ಕಾಯುತ್ತಿದ್ದ ಅವಕಾಶ ಸಿಕ್ಕಿದವರ ಮುಖ ಅದು. “ಏನೇ ಬಿ.ಎಸ್ಸಿ.? ಮೂರು ತಿಂಗಳು ಸೊಸೆ ಕಣ್ಣಿಗೆ ಮಣ್ಣೆರಚಿ ಕೂತಿದ್ಯಲ್ಲೇ. ಪುಸ್ತಕ ತುಂಬಾ ಸುಳ್ಳು!”

ಮೇಸ್ತ್ರಿ ಬಾಯಿಗೆ ಟವೆಲ್ಲು ಅಡ್ಡ ಇಟ್ಟುಕೊಂಡ. ನಾನು ಸೊಸೆಯನ್ನು ಕೇಳಿದೆ:

“ಈಗ ಒಂದು ಸಾಲು ಸೇರಿಸಿದೆಯಲ್ಲ, ಅದರಲ್ಲಿ ಆ ಅಂಕಿಗೆ ಏನು ಹಾಕಿದೆ?”

“ಸೊನ್ನೆ ಅತ್ತೆ.”

“ನಾನು ಏನು ಬರೆದಿದ್ದೆ?”

“...ಸೊನ್ನೆ.”

“ಮೂರು ತಿಂಗಳು ಮುಂಚೆಯೇ?”

“ಹೌದು ಅತ್ತೆ.”

“ಹಾಗಾದ್ರೆ ಹೇಳಿ,” ಎಂದು ಯಜಮಾನರ ಕಡೆ ತಿರುಗಿದೆ. “ತಪ್ಪಿದ್ದದ್ದು ಪುಸ್ತಕದಲ್ಲೋ, ಯಂತ್ರದಲ್ಲೋ?”

ಯಜಮಾನರು ಕಾಫಿ ಕೇಳಿದರು. ನಾನು ಕೈಕಾಲು ತೊಳೆದುಕೊಂಡು ಬಂದು, ಪುಸ್ತಕ ತೆರೆದು, ಮೇಲೆ ಶ್ರೀ ಹಾಕಿ, ಆ ದಿನದ ದಾಖಲೆ ಬರೆದೆ:

‘ಭಾನುವಾರ, ಸಂಜೆ ಐದು ಗಂಟೆ. ಯಂತ್ರ ಕೊನೆಗೂ ನನ್ನ ಪುಸ್ತಕದ ಪ್ರಕಾರ ತಿದ್ದಿಕೊಂಡಿತು.’